ಹೆಣೆದ ಹಾವುಗಳೂ ಒಂದೇ ತಲೆಯ ಆನೆ-ಎತ್ತೂ

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೊರಟವರಿಗೆ ಹಾದಿಯಲ್ಲಿ ಸಿಕ್ಕುವ ಪ್ರಸಿದ್ಧ ಸ್ಥಳ ವಿದುರಾಶ್ವತ್ಥ. ಉತ್ತರ ಪಿನಾಕಿನಿಯ ದಡದಲ್ಲಿರುವ ಈ ಕ್ಷೇತ್ರಕ್ಕೆ ಹೆಸರು ಕೊಟ್ಟ ಅಶ್ವತ್ಥವೃಕ್ಷವನ್ನು ಮಹಾಭಾರತದ ವಿದುರನೇ ನೆಟ್ಟನೆಂದು ಐತಿಹ್ಯ. ಆ ಮರ 2001ರಲ್ಲಿ ನೆಲಕ್ಕುರುಳಿತು. 1938ರ ಏಪ್ರಿಲ್ 25ರಂದು ಇಲ್ಲಿ ಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದುದು ಸ್ವಾತಂತ್ರ್ಯ ಸಮರದ ಇತಿಹಾಸಕ್ಕೆ ಸೇರಿದ ಸಂಗತಿ. ಅದನ್ನು ವಾಚಕರು ಬಲ್ಲರು. ನಾವು ಹೇಳಹೊರಟಿರುವುದು ಅಲ್ಲಿನ ಕಲ್ಲುಗಳ ವಿಷಯ. ಮಕ್ಕಳನ್ನು ಬಯಸಿದವರು, ಹರಕೆ ಹೊತ್ತವರು ತಲೆಮಾರುಗಳಿಂದ ತಂದು ನಿಲ್ಲಿಸಿದ ನಾಗರಕಲ್ಲುಗಳು ಅಲ್ಲಿ ಸಾವಿರಾರು ಇರುವುವು. ಒಂದರ ಪಕ್ಕದಲ್ಲಿ ಒಂದು, ಒಂದಕ್ಕೆ ಇನ್ನೊಂದು ಒರಗಿದಂತೆ, ಅರಿಸಿನ ಕುಂಕುಮಗಳ ಬಣ್ಣ ಹೊತ್ತು ನಿಂತಿವೆ. ಕೆಲವು ಕಲ್ಲುಗಳಲ್ಲಿ ಹೆಡೆಯೆತ್ತಿದ ಒಂದೇ ನಾಗ. ಉಳಿದ ಅನೇಕ ಕಲ್ಲುಗಳಲ್ಲಿ ಎರಡು ಹಾವುಗಳು ಜಡೆಯಂತೆ ಹೆಣೆದುಕೊಂಡು, ಮೇಲೆ ಮುಖಕ್ಕೆ ಮುಖ ಕೊಟ್ಟು ನಿಂತಿರುವುವು.

ಅದೇ ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ, ಆಂಧ್ರದ ಗಡಿಗೆ ಹೊಂದಿಕೊಂಡಂತೆ, ನಗರಗೆರೆ ಇದೆ. ಹೋಬಳಿಯ ಮುಖ್ಯಸ್ಥಳ, ಕನ್ನಡ ತೆಲುಗುಗಳೆರಡೂ ಒಂದೇ ಜಗುಲಿಯಲ್ಲಿ ಕುಳಿತು ಮಾತನಾಡುವ ಸೀಮೆ. ವಿದುರಾಶ್ವತ್ಥವನ್ನು ನೋಡಿಕೊಂಡು ಅತ್ತ ಹೊರಟ ನಾವು ಊರಿನ ಹೆಸರನ್ನು ಮೊದಲ ನೋಟಕ್ಕೆ ‘ನಾಗರಕೆರೆ’ ಎಂದೇ ಓದಿಬಿಟ್ಟೆವು. ಅಕ್ಷರಗಳು ಸ್ಪಷ್ಟವಾಗಿಯೇ ಇದ್ದುವು. ತಪ್ಪು ಕಣ್ಣಿನದಲ್ಲ, ಒಂದು ಗಂಟೆಯ ಕಾಲ ನಾಗರಗಳನ್ನೇ ನೋಡಿ ತುಂಬಿಕೊಂಡಿದ್ದ ಮನಸ್ಸಿನದು. ಈ ಲೇಖನ ಹುಟ್ಟಿದುದು ಆ ಚಿಕ್ಕ ತಪ್ಪಿನಿಂದ ಎಂದರೆ ಸಲ್ಲುವುದು.

ನಾಗರಕಲ್ಲಿನ ಹೆಣೆದ ಹಾವುಗಳು ಏನು ಮಾಡುತ್ತಿವೆ? ಈ ಪ್ರಶ್ನೆಯನ್ನು ಯಾರಿಗಾದರೂ ಹಾಕಿ ನೋಡಿರಿ. ‘ಸರಸವಾಡುತ್ತಿವೆ’ ಎಂಬ ಉತ್ತರವೇ ಬರುವುದು. ಕಲ್ಲನ್ನು ಮಕ್ಕಳ ಹರಕೆಗಾಗಿ ನಿಲ್ಲಿಸುವುದರಿಂದ ಈ ಉತ್ತರ ಸಹಜವೂ ಹೌದು. ಹೆಣೆದ ಹಾವಿನ ಚಿತ್ರ ನಮ್ಮ ದೇಶಕ್ಕೇ ಮೀಸಲಾದುದಲ್ಲ. ಸುಮಾರು 4,100 ವರ್ಷಗಳ ಹಿಂದೆ ಸುಮೇರಿಯದ ಅರಸನಾದ ಗುಡಿಯ ಎಂಬವನು ತನ್ನ ದೇವತೆಗೆ ಅರ್ಪಿಸಿದ ಕಲ್ಲಿನ ಪಾತ್ರೆಯೊಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರ ಮೇಲೆಯೂ ಎರಡು ಹಾವುಗಳು ನಮ್ಮ ನಾಗರಕಲ್ಲಿನಲ್ಲಿರುವಂತೆಯೇ ಹೆಣೆದುಕೊಂಡಿವೆ. ಅಂದರೆ ಮನುಷ್ಯನು ಈ ನೋಟವನ್ನು ಹೊಲಗದ್ದೆಗಳಲ್ಲಿ ಬಹು ಹಿಂದಿನಿಂದ ಕಂಡಿದ್ದಾನೆ, ಕಂಡು ಬೆರಗಾಗಿದ್ದಾನೆ.

ಆ ನೋಟ ಹೇಗಿರುವುದೆಂಬುದನ್ನು ವಾಚಕರು ಕಲ್ಪಿಸಿಕೊಳ್ಳಲಿ. ನಗರಗೆರೆಯ ಆಚೆ, ನೆಲಗಡಲೆಯ ಹೊಲದ ಬದುವಿನ ಮೇಲೆ, ಒಂದು ಆಳಿನುದ್ದದ ಎರಡು ಹಾವುಗಳು ಹಗ್ಗ ಹೊಸೆದಂತೆ ಸುತ್ತಿಕೊಂಡು ಮೈಯ ಮುಂಭಾಗವನ್ನು ನೆಲದಿಂದ ಮೇಲಕ್ಕೆ ಎತ್ತುತ್ತವೆ, ತೂಗುತ್ತವೆ, ಒಟ್ಟಿಗೆ ಬೀಳುತ್ತವೆ, ಬಿಡಿಸಿಕೊಂಡು ಮತ್ತೆ ಸುತ್ತಿಕೊಳ್ಳುತ್ತವೆ. ಹಾದಿಹೋಕನೊಬ್ಬನು ನಿಲ್ಲುತ್ತಾನೆ. ಅವನು ನಿಂತುದನ್ನು ಕಂಡು ಇನ್ನಿಬ್ಬರು ನಿಲ್ಲುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಬಸ್ಸಿಗೆ ಕಾದಿದ್ದವರೆಲ್ಲ ಅಲ್ಲಿಗೆ ಬಂದಿರುತ್ತಾರೆ. ‘ನಾಗರಹಾವೂ ಕೇರೆಹಾವೂ ಕೂಡಿವೆ’ ಎಂದು ಹಿರಿಯರೊಬ್ಬರು ತೀರ್ಪು ಹೇಳುತ್ತಾರೆ. ಒಬ್ಬರು ಕೈ ಮುಗಿಯುತ್ತಾರೆ. ಇನ್ನೊಬ್ಬರು ಕಲ್ಲು ಹುಡುಕುತ್ತಾರೆ. ಹಾಗೆ ಕೂಡಿದ ಹಾವನ್ನು ನೋಡುವುದು ಪುಣ್ಯವೆಂದು ಒಬ್ಬರ ಮತ, ಕೇಡೆಂದು ಮತ್ತೊಬ್ಬರ ಮತ. ಆದರೆ ಅವು ನಾಗರ ಮತ್ತು ಕೇರೆ ಎಂಬುದರಲ್ಲಾಗಲಿ, ಕೂಡಿವೆ ಎಂಬುದರಲ್ಲಾಗಲಿ ಅಲ್ಲಿ ಯಾರಿಗೂ ಸಂದೇಹವಿಲ್ಲ.

ಜೀವಶಾಸ್ತ್ರಜ್ಞರು ಹೇಳುವುದು ಬೇರೆ. ಹೀಗೆ ಎದ್ದು ನಿಂತು ಹೆಣೆದುಕೊಳ್ಳುವ ಎರಡು ಹಾವುಗಳು ನಾಗರವೂ ಕೇರೆಯೂ ಅಲ್ಲ. ಬಹುಮಟ್ಟಿಗೆ ಎರಡೂ ಕೇರೆಹಾವುಗಳೇ. ಅಷ್ಟೇ ಅಲ್ಲ, ಎರಡೂ ಗಂಡುಗಳು. ಅವು ನಡೆಸುತ್ತಿರುವುದು ಸರಸವನ್ನಲ್ಲ, ಮಲ್ಲಯುದ್ಧವನ್ನು. ಎದುರಾಳಿಯ ತಲೆಯನ್ನೂ ಕತ್ತನ್ನೂ ಕೆಳಕ್ಕೆ ಒತ್ತಿ ನೆಲಕ್ಕೆ ಹಚ್ಚುವುದೇ ಇಲ್ಲಿನ ಪಟ್ಟು. ಮೇಲಕ್ಕೆ ಏಳುವುದೆಲ್ಲ ಒತ್ತುವುದಕ್ಕೆ ಎತ್ತರ ಬೇಕೆಂದು. ಸಾಮಾನ್ಯವಾಗಿ ಒಂದನ್ನೊಂದು ಕಚ್ಚುವುದಿಲ್ಲ. ಸೋತದ್ದು ಸರಸರನೆ ಹರಿದು ಹೋಗುವುದು, ಗೆದ್ದದ್ದಕ್ಕೆ ಹತ್ತಿರದಲ್ಲಿರುವ ಹೆಣ್ಣನ್ನು ಕೂಡುವ ಅವಕಾಶ. ನಿಜವಾದ ಮಿಲನದಲ್ಲಿ ಇಷ್ಟು ಕುಣಿತವಿಲ್ಲ. ಗಂಡು ಹೆಣ್ಣಿನ ಮೈಯುದ್ದಕ್ಕೂ ನೆಲದ ಮೇಲೆಯೇ ಒರಗಿಕೊಂಡಿರುವುದು. ಬಾಲಗಳು ಮಾತ್ರ ಸುತ್ತಿಕೊಂಡಿರುವುವು. ನೋಡುವವರಿಗೆ ಅದರಲ್ಲಿ ರಂಜನೆ ಕಡಮೆ. ಆದುದರಿಂದಲೇ ಅದು ಕಲ್ಲಿಗೆ ಏರಲಿಲ್ಲವೆಂದು ತೋರುತ್ತದೆ.

ಹಾಗಾದರೆ ಸಾವಿರಾರು ವರ್ಷ ನೋಡಿಯೂ ಜನರು ಇದನ್ನು ಕಂಡುಕೊಳ್ಳದೆ ಹೋದುದೇಕೆ? ಹಾವಿನ ಗಂಡು ಹೆಣ್ಣುಗಳನ್ನು ಹೊರನೋಟದಿಂದ ಹೇಳುವುದು ಕಷ್ಟ. ಗಂಡಿನ ಅಂಗ ಬಾಲದ ಬುಡದಲ್ಲಿ ಒಳಗೆ ಅಡಗಿರುತ್ತದೆ. ಹಿಡಿದು ಪರೀಕ್ಷಿಸದ ಹೊರತು ಗೊತ್ತಾಗದು. ನಾಗರಹಾವಿನ ಹೆಣ್ಣಿಗೂ ಗಂಡಿಗೂ ಹೆಡೆಯಿರುವುದು. ಕೇರೆಯ ಎರಡಕ್ಕೂ ಹೆಡೆಯಿಲ್ಲ. ಎರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಪ್ರಾಣಿಗಳು. ಕುದುರೆಯೂ ಎಮ್ಮೆಯೂ ಕೂಡಿ ಸಂತಾನ ಪಡೆಯಲಾರವೆಂಬುದು ಎಷ್ಟು ನಿಜವೋ ಇದೂ ಅಷ್ಟೇ ನಿಜ. ಹೆಣೆದುಕೊಂಡ ಎರಡು ತಲೆಗಳಲ್ಲಿ ಒಂದರಲ್ಲಿಯೂ ಹೆಡೆ ಕಾಣದಿದ್ದರೂ ಗುಂಪು ಒಂದು ನಾಗರವನ್ನು ಅಲ್ಲಿ ಕಾಣುವುದೆಂಬುದೇ ನಮಗೆ ಕುತೂಹಲವನ್ನುಂಟುಮಾಡುವ ಸಂಗತಿ. ಇದು ಹಾವಿನ ಶಾಸ್ತ್ರವಲ್ಲ, ಮನಸ್ಸಿನ ಶಾಸ್ತ್ರ.

1944ರಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಲನಚಿತ್ರವನ್ನು ತಯಾರಿಸಿದರು. ಅದರಲ್ಲಿ ಮನುಷ್ಯರಿಲ್ಲ, ಪ್ರಾಣಿಗಳೂ ಇಲ್ಲ. ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಚಿಕ್ಕ ವೃತ್ತ. ಬಾಗಿಲಿನಂತೆ ತೆರೆದು ಮುಚ್ಚುವ ಒಂದು ಚೌಕಟ್ಟು. ಆಕೃತಿಗಳು ಅತ್ತಿಂದಿತ್ತ ಚಲಿಸುತ್ತವೆ, ತಾಕುತ್ತವೆ, ಚೌಕಟ್ಟಿನೊಳಗೆ ಹೋಗುತ್ತವೆ, ಬರುತ್ತವೆ. ಕಂಡುದನ್ನು ಬರೆಯಿರೆಂದು 34 ಮಂದಿಗೆ ಹೇಳಿದಾಗ ಒಬ್ಬರು ಮಾತ್ರ ಜ್ಯಾಮಿತಿಯ ಮಾತಿನಲ್ಲಿ ಬರೆದರು. ಮಿಕ್ಕವರೆಲ್ಲರೂ ಕಥೆ ಬರೆದರು: ದೊಡ್ಡ ತ್ರಿಕೋನ ಪುಂಡ, ಚಿಕ್ಕ ತ್ರಿಕೋನ ಧೀರ, ವೃತ್ತ ಹೆದರಿದ ಹೆಣ್ಣು, ಹೀಗೆ. ಕಾಗದದಲ್ಲಿ ಕತ್ತರಿಸಿದ ತ್ರಿಕೋನಕ್ಕೇ ಪ್ರೇಮವನ್ನೂ ಮತ್ಸರವನ್ನೂ ಆರೋಪಿಸುವ ಮನಸ್ಸು ಕಣ್ಣು ಮೂಗು ಉಳ್ಳ ಪ್ರಾಣಿಯನ್ನು ಬಿಟ್ಟೀತೆ? ಜೊತೆಯಾಗಿ ಬಾಳುವ ಜೀವಿಗೆ ಇನ್ನೊಬ್ಬರ ಉದ್ದೇಶವನ್ನು ಬೇಗ ಊಹಿಸುವ ಶಕ್ತಿ ಬೇಕೇ ಬೇಕು. ನಮ್ಮಲ್ಲಿ ಆ ಶಕ್ತಿ ಎಷ್ಟು ಹರಿತವಾಗಿದೆಯೆಂದರೆ ಬೇಡದ ಕಡೆಯಲ್ಲೂ ಕೊಯ್ಯುತ್ತದೆ.

ಇನ್ನು ಗುಂಪಿನ ಮಾತು. 1969ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಅವರ ಸಂಗಡಿಗರು ನ್ಯೂಯಾರ್ಕಿನ ಬೀದಿಯೊಂದರಲ್ಲಿ ಒಂದು ತಮಾಷೆಯ ಪ್ರಯೋಗ ನಡೆಸಿದರು. ಒಬ್ಬನು ನಿಂತು ಎದುರಿನ ಕಟ್ಟಡದ ಆರನೆಯ ಅಂತಸ್ತಿನ ಕಿಟಕಿಯನ್ನು ಸುಮ್ಮನೆ ನೋಡಬೇಕು. ಅಲ್ಲಿ ವಿಶೇಷವೇನೂ ಇಲ್ಲ. ಹಾದು ಹೋಗುವವರಲ್ಲಿ ನೂರಕ್ಕೆ 42 ಮಂದಿ ತಾವೂ ತಲೆಯೆತ್ತಿ ನೋಡಿದರು. ನಿಂತವರು ಮಾತ್ರ ನೂರಕ್ಕೆ 4. ನೋಡುವವರ ಸಂಖ್ಯೆಯನ್ನು 15ಕ್ಕೆ ಏರಿಸಿದಾಗ ನೂರಕ್ಕೆ 86 ಮಂದಿ ತಲೆಯೆತ್ತಿದರು, 40 ಮಂದಿ ನಿಂತೇಬಿಟ್ಟರು. ಹೊಲದ ಬದುವಿನ ಬಳಿ ಗುಂಪು ಬೆಳೆದ ರೀತಿ ಇದೇ. ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಹತ್ತು ಮಂದಿ ನೋಡುವ ಕಡೆ ನೋಡತಕ್ಕದ್ದೇನೋ ಇದ್ದೀತೆಂಬುದು ಒಳ್ಳೆಯ ಊಹೆಯೇ.

ಆದರೆ ನೋಡುವುದು ಒಂದು, ಒಪ್ಪುವುದು ಇನ್ನೊಂದು. 1950ರ ದಶಕದಲ್ಲಿ ಸಾಲಮನ್ ಆಷ್ ಎಂಬ ವಿದ್ವಾಂಸರು ಕಾಲೇಜು ವಿದ್ಯಾರ್ಥಿಗಳಿಗೆ ಮೂರು ಗೆರೆಗಳನ್ನು ತೋರಿಸಿ, ಇನ್ನೊಂದು ಗೆರೆಗೆ ಸಮನಾದುದು ಇವುಗಳಲ್ಲಿ ಯಾವುದೆಂದು ಕೇಳಿದರು. ಒಬ್ಬರೇ ಇದ್ದಾಗ ಯಾರೂ ತಪ್ಪುವಂಥ ಪ್ರಶ್ನೆಯಲ್ಲ. ಆದರೆ ಮೊದಲೇ ಹೇಳಿಕೊಟ್ಟಿದ್ದ ಸಹಚರರು ಒಬ್ಬರಾದ ಮೇಲೊಬ್ಬರು ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳಿದಾಗ, ಪಾಪ, ಪ್ರಯೋಗಕ್ಕೆ ಗುರಿಯಾದ ವಿದ್ಯಾರ್ಥಿ ಮೂರರಲ್ಲಿ ಒಂದು ಸಲದಷ್ಟು ಅವರ ತಪ್ಪನ್ನೇ ಹೇಳಿದನು. ‘ಹಾವು ತಿನ್ನುವವರ ಊರಿಗೆ ಹೋದರೆ ನಡುತುಂಡು ನಮಗೆ ಎನ್ನಬೇಕು’ ಎಂಬ ನಮ್ಮ ಗಾದೆಯನ್ನು ಆಷ್ ಅವರು ಕೇಳಿದ್ದರೆ ಮೆಚ್ಚುತ್ತಿದ್ದರೇನೊ! ಆ ಪ್ರಯೋಗದಲ್ಲಿ ಇನ್ನೂ ಒಂದು ಅಂಶ ಉಂಟು. ಅದು ಗಾದೆಗೆ ಸಿಕ್ಕಿಲ್ಲ. ಗುಂಪಿನಲ್ಲಿ ಒಬ್ಬನೇ ಒಬ್ಬನು ನಿಜವನ್ನು ನುಡಿದರೆ ಸಾಕು, ವಿದ್ಯಾರ್ಥಿಯ ತಪ್ಪುಗಳು ಬಹಳ ಇಳಿದುಹೋಗುತ್ತಿದ್ದುವು.

ಇಂಥ ‘ಒಬ್ಬನೇ ಒಬ್ಬ’ನಾಗಿ ಬಾಳಿದವರು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದರೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆವು. ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು (1920–2005) ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವುದಕ್ಕಾಗಿ ಒಂದು ಸಮಿತಿಯನ್ನು ರಚಿಸಿ ಅದರ ಅಧ್ಯಕ್ಷತೆ ವಹಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಅವರ ನಿಲುವು. ಬದುವಿನ ಬಳಿ ನೆರೆದ ಗುಂಪಿನಲ್ಲಿ ‘ಹೆಡೆ ಎಲ್ಲಿ?’ ಎಂದು ಕೇಳುವ ಒಬ್ಬ ಹುಡುಗನಿದ್ದರೆ ಅವನು ಅವರ ಶಿಷ್ಯನೇ ಸರಿ.

ಹೆಡೆ ಎಲ್ಲಿ ಎಂಬ ಪ್ರಶ್ನೆ ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿದೆ. ಸತ್ತವರಲ್ಲಿ ಬಹುಪಾಲು ಹಳ್ಳಿಗರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವುಕಡಿತವನ್ನು ಆರೋಗ್ಯ ಇಲಾಖೆಗೆ ಕಡ್ಡಾಯವಾಗಿ ತಿಳಿಸಬೇಕಾದ ವಿಷಯವೆಂದು ಘೋಷಿಸಿತು. ಈ ಸಾವುಗಳಿಗೆ ಮುಖ್ಯ ಕಾರಣವೆನ್ನುವ ನಾಲ್ಕು ಹಾವುಗಳು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಕೇರೆಗೆ ವಿಷವೇ ಇಲ್ಲ. ಅದು ಹೊಲದ ಇಲಿಗಳನ್ನು ನುಂಗುವ ಪ್ರಾಣಿ. ರೈತನು ಸಂಬಳ ಕೊಡದೆ ಇಟ್ಟುಕೊಂಡ ಕಾವಲುಗಾರ. ಆದರೂ ಉದ್ದವಾಗಿ, ಹಗಲಿನಲ್ಲಿಯೇ, ಜನರ ಕಣ್ಣಿಗೆ ಬೀಳುವಂತೆ ಸಂಚರಿಸುವುದರಿಂದ ಕಲ್ಲೇಟು ಬೀಳುವುದು ಹೆಚ್ಚಾಗಿ ಇದಕ್ಕೇ. ಕಾಳಗದಲ್ಲಿ ಮೈಮರೆತ ಎರಡು ಕೇರೆಗಳು ಸುತ್ತ ನಿಂತ ಜನರನ್ನು ಗಮನಿಸುವುದು ಕಡಮೆ. ಒಂದೇ ಗಳಿಗೆಯಲ್ಲಿ ಎರಡನ್ನೂ ಕೊಂದವರಿದ್ದಾರೆ. ಹಾಗೆಯೇ, ಮೇಲೆ ಹೊಸ ಬಟ್ಟೆ ಹಾಸಿ ಶುಭವನ್ನು ನಿರೀಕ್ಷಿಸಿದವರೂ ಇದ್ದಾರೆ. ಎರಡೂ ಒಂದೇ ತಪ್ಪು ಓದಿನ ಎರಡು ಫಲಗಳು. ಇನ್ನು ನಿಜವಾದ ನಾಗರವನ್ನು ‘ಕೇರೆ’ ಎಂದು ಬಗೆದು ಹತ್ತಿರ ಹೋದವರ ತಪ್ಪಿನ ಬೆಲೆಯನ್ನು ಹೇಳಬೇಕಾಗಿಲ್ಲ. ಯಾವ ಹಾವೆಂದು ತಿಳಿಯದಿದ್ದರೆ ದೂರವೇ ಲೇಸು. ಕಚ್ಚಿದರೆ ಮಂತ್ರಕ್ಕಲ್ಲ, ಆಸ್ಪತ್ರೆಗೆ ಓಡಬೇಕು.

ಈಗ ಗಡಿಯನ್ನು ದಾಟೋಣ. ನಗರಗೆರೆಯ ಸೀಮೆಯಿಂದ ಆಚೆಗೆ, ಹಿಂದೂಪುರದ ಹತ್ತಿರ, ಲೇಪಾಕ್ಷಿ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯ ಅಲ್ಲಿದೆ. ಸೀತೆಗಾಗಿ ಹೋರಾಡಿ ಬಿದ್ದ ಜಟಾಯುವನ್ನು ರಾಮನು ‘ಏಳು, ಪಕ್ಷಿ’ ಎಂದು ತೆಲುಗಿನಲ್ಲಿ ಎಬ್ಬಿಸಿದುದರಿಂದ ಊರಿಗೆ ಲೇಪಾಕ್ಷಿ ಎಂದು ಹೆಸರಾಯಿತೆಂದು ಜನ ಹೇಳುತ್ತಾರೆ. ರಾಮನಿಗೆ ತೆಲುಗು ಬರುತ್ತಿತ್ತೆ ಎಂದು ಕೇಳಬಾರದು. ದೊಡ್ಡ ನಂದಿಯನ್ನೂ ಚಾವಣಿಯ ಚಿತ್ರಗಳನ್ನೂ ನೋಡುವ ಗಡಿಬಿಡಿಯಲ್ಲಿ ಬಹುಮಂದಿ ಒಂದು ಚಿಕ್ಕ ಕೆತ್ತನೆಯನ್ನು ಕಾಣದೆ ಹೋಗುತ್ತಾರೆ. ಅದರಲ್ಲಿ ಹಸುವಿನ ಮೈ ಒಂದು, ತಲೆಗಳು ಮೂರು. ಎರಡು ತಲೆಗಳನ್ನು ಅಂಗೈಯಿಂದ ಮರೆಮಾಡಿದರೆ ಒಂದು ಭಂಗಿಯ ಹಸು. ಕೈಯನ್ನು ಸರಿಸಿದರೆ ಅದೇ ಮೈ ಇನ್ನೊಂದು ಭಂಗಿಯ ಹಸುವಿಗೆ ಹೊಂದಿಕೊಳ್ಳುವುದು. ಮೈಗೆರೆ ಒಂದಿಷ್ಟೂ ಬದಲಾಗಿಲ್ಲ. ಬದಲಾದುದು ನೋಡುವವನ ಎಣಿಕೆ.

ಇದಕ್ಕಿಂತಲೂ ಹಳೆಯದು, ನಮಗೆ ಇದಕ್ಕಿಂತಲೂ ಪ್ರಿಯವಾದುದು, ಬಾದಾಮಿಯಲ್ಲಿದೆ. ಚಾಲುಕ್ಯರು 6ನೆಯ ಶತಮಾನದಲ್ಲಿ ಕೊರೆಸಿದ ಮೊದಲನೆಯ ಗುಹೆಯ ಬಾಗಿಲ ಬಳಿ, ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗೆ, ಆನೆಯೂ ಎತ್ತೂ ಎದುರುಬದುರಾಗಿ ನಿಂತಿವೆ. ಮೈಗಳು ಎರಡು, ತಲೆ ಒಂದೇ! ಎಡದಿಂದ ನೋಡಿದರೆ ಆನೆ, ಬಲದಿಂದ ನೋಡಿದರೆ ಎತ್ತು. ಈ ಗಜವೃಷಭದ ಕಲ್ಪನೆ ದಕ್ಷಿಣದ ಶಿಲ್ಪಿಗಳಿಗೆ ಎಷ್ಟು ಹಿಡಿಸಿತೆಂದರೆ ಹಂಪೆಯಲ್ಲಿಯೂ, ತಮಿಳುನಾಡಿನ ದಾರಾಸುರದ ಐರಾವತೇಶ್ವರ ಗುಡಿಯಲ್ಲಿಯೂ ಅದನ್ನು ಮತ್ತೆ ಮತ್ತೆ ಕೆತ್ತಿದರು. ಆನೆಯೂ ಎತ್ತೂ ಗೆಳೆತನದಿಂದ ಮುಖಕ್ಕೆ ಮುಖ ಕೊಟ್ಟಿವೆಯೋ, ಹಣೆಗೆ ಹಣೆ ಹಚ್ಚಿ ಗುದ್ದಾಡುತ್ತಿವೆಯೋ? ಬಾದಾಮಿಗೆ ಕರೆದೊಯ್ದ ಮಕ್ಕಳನ್ನು ನಾವು ಕೇಳಿದಾಗ ‘ದೋಸ್ತಿ’ ಎಂದು ಒಬ್ಬಳು, ‘ಜಗಳ’ ಎಂದು ಇನ್ನೊಬ್ಬ, ಇಬ್ಬರೂ ಸಮನಾಗಿ ಗಟ್ಟಿಯಾದ ದನಿಯಲ್ಲಿ ಹೇಳಿದರು. ಶಿಲ್ಪಿ ಎರಡಕ್ಕೂ ಎಡೆಯಿಟ್ಟಿದ್ದಾನೆ.

ಐರೋಪ್ಯರು ಈ ಬಗೆಯ ದ್ವಂದ್ವ ಚಿತ್ರಗಳನ್ನು ಶಾಸ್ತ್ರೀಯವಾಗಿ ವಿಚಾರ ಮಾಡತೊಡಗಿದುದು 19ನೆಯ ಶತಮಾನದಲ್ಲಿ. 1892ರಲ್ಲಿ ಜರ್ಮನಿಯ ಹಾಸ್ಯಪತ್ರಿಕೆಯೊಂದರಲ್ಲಿ ಬಂದ ಬಾತುಕೋಳಿ-ಮೊಲದ ಚಿತ್ರವನ್ನು ಜೋಸೆಫ್ ಜಾಸ್ಟ್ರೋ ಎಂಬ ಮನಶ್ಶಾಸ್ತ್ರಜ್ಞರು 1899ರಲ್ಲಿ ಬಳಸಿಕೊಂಡು ಪ್ರಸಿದ್ಧಗೊಳಿಸಿದರು. ಕೊಕ್ಕು ಎಂದುಕೊಂಡರೆ ಬಾತು. ಅದೇ ಕೊಕ್ಕನ್ನು ಕಿವಿಗಳೆಂದುಕೊಂಡರೆ ಮೊಲ. ಎರಡನ್ನೂ ಒಂದೇ ಕ್ಷಣದಲ್ಲಿ ಕಾಣುವುದು ಸಾಧ್ಯವಿಲ್ಲ. ಕಣ್ಣಿನ ಹಿಂದಿನ ಪಟಲದ ಮೇಲೆ ಬಿದ್ದ ಬಿಂಬ ಒಂದೇ ಆದರೂ ಮಿದುಳು ಅದಕ್ಕೆ ಒಂದು ಅರ್ಥವನ್ನು ಆರಿಸಿಕೊಳ್ಳಬೇಕು. ಆರಿಸಿದ ಮೇಲೆ ಮತ್ತೊಂದು ಮರೆಯಾಗುವುದು. ಯಾವುದು ಮೊದಲು ತೋರುವುದೆಂಬುದನ್ನು ನಿರೀಕ್ಷೆಯೂ ನಿರ್ಧರಿಸುವುದುಂಟು. 1993ರಲ್ಲಿ ಪ್ರಕಟವಾದ ಒಂದು ಸೊಗಸಾದ ಅಧ್ಯಯನದಲ್ಲಿ ಜೂರಿಕ್ ಮೃಗಾಲಯದ ಬಾಗಿಲಲ್ಲಿ ಈ ಚಿತ್ರವನ್ನು ಸಂದರ್ಶಕರಿಗೆ ತೋರಿಸಿದರು. ಈಸ್ಟರ್ ಹಬ್ಬದ ದಿನ ಹೆಚ್ಚು ಮಂದಿ ಮೊಲವನ್ನು ಕಂಡರು. ಅಕ್ಟೋಬರಿನಲ್ಲಿ ಹೆಚ್ಚು ಮಂದಿ ಹಕ್ಕಿಯನ್ನು ಕಂಡರು. ಆ ದೇಶಗಳಲ್ಲಿ ಈಸ್ಟರ್ ಹಬ್ಬಕ್ಕೂ ಮೊಲಕ್ಕೂ ನಂಟು, ನಮ್ಮಲ್ಲಿ ನಾಗರಪಂಚಮಿಗೂ ಹಾವಿಗೂ ಇರುವಂತೆ. ನಗರಗೆರೆಯನ್ನು ನಾಗರಕೆರೆ ಎಂದು ಓದಿದ ನಮಗೆ ಇದನ್ನು ತಿಳಿದು ಸ್ವಲ್ಪ ಸಮಾಧಾನವಾಯಿತು.

ಹಾವಿನ ಮಾತಿನಲ್ಲಂತೂ ನಮ್ಮ ಮಿದುಳು ತೀರ ಆತುರದ್ದು. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಕಾಣುವುದು ವೇದಾಂತಿಗಳ ಹಳೆಯ ದೃಷ್ಟಾಂತ. ಹಾವನ್ನು ಬೇಗ ಗುರುತಿಸಬೇಕಾದ ಒತ್ತಡವೇ ಮಂಗಗಳ ಮತ್ತು ಮನುಷ್ಯರ ಪೂರ್ವಜರ ದೃಷ್ಟಿಯನ್ನು ಚುರುಕುಗೊಳಿಸಿತೆಂದು ಲಿನ್ ಇಸ್ಬೆಲ್ ಎಂಬವರು 2006ರಲ್ಲಿ ವಾದಿಸಿದರು. ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಹಾವನ್ನು ಹಗ್ಗವೆಂದು ಬಗೆದವನಿಗೆ ಆಗುವ ನಷ್ಟ ಹಗ್ಗವನ್ನು ಹಾವೆಂದು ಬಗೆದವನ ನಷ್ಟಕ್ಕಿಂತ ದೊಡ್ಡದೆಂಬುದು ಎಲ್ಲರಿಗೂ ಒಪ್ಪಿಗೆ.

ಇಷ್ಟೆಲ್ಲ ಹೇಳಿದ ಮೇಲೆ, ‘ಹಾಗಾದರೆ ಪ್ರಾಣಿಗಳಲ್ಲಿ ಸ್ನೇಹವೆಂಬುದೇ ಇಲ್ಲವೆ? ಎಲ್ಲವೂ ನಮ್ಮ ಕಲ್ಪನೆಯೆ?’ ಎಂದು ವಾಚಕರು ಕೇಳಬಹುದು. ಇಲ್ಲವೆಂದು ಹೇಳಲು ನಾವು ಸಿದ್ಧರಿಲ್ಲ. ಕೀನ್ಯದ ಅಂಬೊಸೆಲಿಯಲ್ಲಿ ಬಬೂನ್ ಕೋತಿಗಳನ್ನು ವರ್ಷಾನುಗಟ್ಟಲೆ ನೋಡಿದ ಜೋನ್ ಸಿಲ್ಕ್ ಮತ್ತು ಸಂಗಡಿಗರು 2003ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ಜೊತೆಗಾರರೊಡನೆ ಹೆಚ್ಚು ಹೊತ್ತು ಕುಳಿತು, ಮೈ ಹೆಕ್ಕಿ, ಹೆಕ್ಕಿಸಿಕೊಂಡು ಬಾಳುವ ತಾಯಿಯ ಮರಿಗಳು ಬದುಕಿ ಉಳಿಯುವ ಸಂಭವ ಹೆಚ್ಚು. ಇಂಥ ಸಂಬಂಧಕ್ಕೆ ‘ಸ್ನೇಹ’ ಎಂಬ ಮಾತನ್ನೇ ಬಳಸಲು ಈಗ ವಿಜ್ಞಾನಿಗಳು ಹಿಂಜರಿಯುವುದಿಲ್ಲ.

ಬೇರೆ ಬೇರೆ ಜಾತಿಯ ಪ್ರಾಣಿಗಳ ನಂಟಿನಲ್ಲಿ ಮಾತ್ರ ಎಚ್ಚರ ಬೇಕು. ಉಳುವ ಹೊಲದಲ್ಲಿ ಎತ್ತಿನ ಕಾಲ ಬಳಿ ನಡೆಯುವ ಬೆಳ್ಳಕ್ಕಿ ಎತ್ತಿನ ಮೇಲಿನ ಮಮತೆಯಿಂದ ನಡೆಯುವುದಿಲ್ಲ. ಎತ್ತಿನ ಗೊರಸಿಗೆ ಬೆದರಿ ಏಳುವ ಮಿಡತೆಗಳಿಗಾಗಿ ನಡೆಯುವುದು. ದನದ ಬಳಿಯಿರುವ ಬೆಳ್ಳಕ್ಕಿ ಒಂಟಿಯಾಗಿರುವುದಕ್ಕಿಂತ ಕಡಮೆ ಹೆಜ್ಜೆ ಹಾಕಿ ಹೆಚ್ಚು ಹುಳು ಹಿಡಿಯುವುದೆಂದು ಎಣಿಸಿ ನೋಡಿದವರು ಹೇಳುತ್ತಾರೆ. ಬಂಡೀಪುರದಲ್ಲಿಯೋ ನಾಗರಹೊಳೆಯಲ್ಲಿಯೋ ಮುಸುವಗಳು ಕುಳಿತ ಮರದ ಕೆಳಗೆ ಚುಕ್ಕೆಜಿಂಕೆಗಳ ಹಿಂಡು ಮೇಯುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಮಧ್ಯಪ್ರದೇಶದ ಕಾನ್ಹಾ ಕಾಡಿನಲ್ಲಿ ಈ ಜೊತೆಯನ್ನು ಅಭ್ಯಾಸ ಮಾಡಿದ ಪಾಲ್ ನ್ಯೂಟನ್ ತಮ್ಮ ಫಲಿತಾಂಶಗಳನ್ನು 1989ರಲ್ಲಿ ಪ್ರಕಟಿಸಿದರು. ಮುಸುವ ತಿನ್ನುವುದಕ್ಕಿಂತ ಕಿತ್ತೆಸೆಯುವುದು ಬಹಳ. ಬಿದ್ದ ಎಲೆ ಹಣ್ಣುಗಳು ಜಿಂಕೆಗೆ ಔತಣ. ಮೇಲಿನಿಂದ ಮುಸುವದ ಕಣ್ಣು, ಕೆಳಗಿನಿಂದ ಜಿಂಕೆಯ ಮೂಗು. ಹುಲಿಯ ಸುಳಿವು ಯಾರಿಗೆ ಮೊದಲು ಹತ್ತಿದರೂ ಕೂಗು ಇಬ್ಬರಿಗೂ ಕೇಳುವುದು. ಲಾಭ ಜಿಂಕೆಗೇ ಹೆಚ್ಚೆಂದು ತೋರುತ್ತದೆ. ಇದು ಸ್ನೇಹವೋ ವ್ಯಾಪಾರವೋ ಎಂದು ನಾವು ಚರ್ಚಿಸುವುದಿಲ್ಲ. ನಮ್ಮ ಅನೇಕ ನೆರೆಹೊರೆಗಳೂ ಹೀಗೆಯೇ ನಡೆಯುತ್ತವೆ.

ಲೆಕ್ಕಕ್ಕೆ ಸಿಕ್ಕದ ಪ್ರಸಂಗಗಳೂ ಉಂಟು. 2018ರ ಡಿಸೆಂಬರಿನ ಕೊನೆಯಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಎರಡು ಮರಿಗಳ ತಾಯಿಯಾದ ಒಂದು ಸಿಂಹಿಣಿ ಸುಮಾರು ಎರಡು ತಿಂಗಳ ಚಿರತೆಮರಿಯೊಂದನ್ನು ಸಾಕುತ್ತಿದ್ದುದು ಕಂಡುಬಂದಿತು. ಸಿಂಹ ಚಿರತೆಗಳು ಹುಟ್ಟಾ ವೈರಿಗಳು. ಸಿಕ್ಕಿದ ಚಿರತೆಮರಿಯನ್ನು ಸಿಂಹ ಕೊಲ್ಲುವುದೇ ವಾಡಿಕೆ. ಈ ತಾಯಿಯೋ ಅದಕ್ಕೆ ಹಾಲೂಡಿಸಿತು, ಬೇಟೆಯ ಮಾಂಸದಲ್ಲಿ ಪಾಲು ಕೊಟ್ಟಿತು. ಮರಿಗಳು ಮೂರೂ ಒಟ್ಟಿಗೆ ಆಡಿದುವು. ನೋಡುತ್ತಿದ್ದವರು ಒಂದೂವರೆ ತಿಂಗಳ ಕಾಲ ನೋಡಿದರು. ಆಮೇಲೆ ಚಿರತೆಮರಿ ಸತ್ತು ಬಿದ್ದಿದ್ದುದು ಸಿಕ್ಕಿತು. ಮೈಮೇಲೆ ಗಾಯವಿರಲಿಲ್ಲ; ಹುಟ್ಟಿನಿಂದಲೇ ಇದ್ದಿರಬಹುದಾದ ಅಂಡವಾಯುವಿನ ದೋಷವೇ ಕಾರಣವೆಂದು ಪರೀಕ್ಷೆಯಲ್ಲಿ ತಿಳಿಯಿತು. ತನ್ನ ಮರಿಗಳೇ ಚಿಕ್ಕವಾಗಿದ್ದ ತಾಯಿಯ ಮೈಯಲ್ಲಿ ಆಗ ಹಾಲೂ ಮರಿಯ ಮೇಲಿನ ಮೋಹವೂ ತುಂಬಿರುತ್ತವೆ; ತನ್ನದಲ್ಲವೆಂಬ ಗುರುತು ಸಿಕ್ಕುವ ಮೊದಲೇ ಮೋಹ ಕೆಲಸ ಮಾಡಿರಬಹುದು. ಇದು ವಿವರಣೆ. ಆದರೆ ವಿವರಣೆ ಸಿಕ್ಕಿತೆಂದು ಆ ಒಂದೂವರೆ ತಿಂಗಳ ಸಂಗತಿ ಸಣ್ಣದಾಯಿತೆಂದು ನಮಗೆ ಅನ್ನಿಸುವುದಿಲ್ಲ.

ತಪ್ಪು ಓದು ದಿನನಿತ್ಯ ನಡೆಯುವ ಸ್ಥಳವೊಂದು ಇದೇ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ: ನಂದಿಬೆಟ್ಟ. ಅಲ್ಲಿನ ಕೋತಿಗಳು ದಕ್ಷಿಣ ಭಾರತಕ್ಕೇ ವಿಶಿಷ್ಟವಾದ, ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಕೂದಲುಳ್ಳ ಜಾತಿಯವು. ಕಡಲೆಕಾಯಿ ಹಿಡಿದು ಹತ್ತಿರ ಹೋದ ಹುಡುಗರಿಗೆ ಕೋತಿ ತುಟಿ ಸೆಳೆದು ಹಲ್ಲು ತೋರಿಸುತ್ತದೆ. ‘ನಗುತ್ತಿದೆ’ ಎಂದು ಹುಡುಗರು ಇನ್ನೂ ಹತ್ತಿರ ಹೋಗಿ, ಹೆಗಲಿಗೆ ಹೆಗಲು ಸೇರ್ಪಟ್ಟಂತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಕೋತಿಯ ಭಾಷೆಯಲ್ಲಿ ಸದ್ದಿಲ್ಲದೆ ಹಲ್ಲು ಬಿಡುವುದು ನಗೆಯಲ್ಲ, ಅಂಜಿಕೆ. ‘ನಾನು ಚಿಕ್ಕವನು, ನನ್ನನ್ನು ಬಿಡು’ ಎಂದು ಅದರ ಅರ್ಥ. ಅಂಜಿದ ಪ್ರಾಣಿಯನ್ನು ಮೂಲೆಗೆ ಒತ್ತಿದರೆ ಅದು ಕಚ್ಚುವುದು. ಕಚ್ಚಿದರೆ ಹುಚ್ಚುನಾಯಿ ರೋಗದ ಸೂಜಿಮದ್ದಿನ ಚಿಂತೆ. ಆದರೆ ಕೋತಿಯೂ ನಮ್ಮನ್ನು ಓದುತ್ತಿದೆಯೆಂಬುದನ್ನು ಮರೆಯಬಾರದು. ಬಂಡೀಪುರದಲ್ಲಿ ಇದೇ ಜಾತಿಯ ಕೋತಿಗಳನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಅಭ್ಯಾಸ ಮಾಡಿ 2018ರಲ್ಲಿ ವರದಿ ಪ್ರಕಟಿಸಿದರು. ಆ ಕೋತಿಗಳು ಪ್ರವಾಸಿಗಳ ಎದುರಿಗೆ ಕೈ ಚಾಚುವುವು, ‘ಕೂ’ ಎಂದು ಮೆಲ್ಲಗೆ ಕರೆಯುವುವು. ತಿಂಡಿ ಉಳ್ಳವರು ತಮ್ಮತ್ತ ನೋಡುತ್ತಿದ್ದಾರೆಯೇ ಎಂದು ಗಮನಿಸುವುವು. ಕಾಡಿನಲ್ಲಿ ತಮ್ಮತಮ್ಮಲ್ಲಿ ಹೀಗೆ ಕೈ ಚಾಚುವ ವಾಡಿಕೆ ಅವಕ್ಕಿಲ್ಲ. ಮನುಷ್ಯನೆಂಬ ವಿಚಿತ್ರ ಪ್ರಾಣಿಗೆ ಏನು ಅರ್ಥವಾಗುವುದೆಂಬುದನ್ನು ಅವು ಕಂಡುಕೊಂಡಿವೆ. ನಾವು ಅವುಗಳ ಹಲ್ಲನ್ನು ಇನ್ನೂ ಕಂಡುಕೊಂಡಿಲ್ಲ.

ಶೃಂಗೇರಿಯಲ್ಲಿ ತುಂಗೆಯ ದಡದ ಮೆಟ್ಟಿಲುಗಳ ಬಳಿ ‘ಕಪ್ಪೆಶಂಕರ’ ಎಂಬ ಶಿಲ್ಪವಿದೆ. ಬಿರುಬಿಸಿಲಿನಲ್ಲಿ ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆಯನ್ನು ಕೊಡೆಯಾಗಿ ಹಿಡಿದುದನ್ನು ಕಂಡು, ಹುಟ್ಟುವೈರವನ್ನು ಮರೆಸುವ ಈ ನೆಲವೇ ಮಠಕ್ಕೆ ತಕ್ಕುದೆಂದು ಶಂಕರಾಚಾರ್ಯರು ಆರಿಸಿಕೊಂಡರೆಂದು ಕಥೆ. ಪ್ರಾಣಿಶಾಸ್ತ್ರದ ಪ್ರಕಾರ ಕಪ್ಪೆ ನಾಗರದ ಆಹಾರ. ಹೆಡೆ ಅದು ಬೆದರಿದಾಗ ಪಕ್ಕೆಲುಬುಗಳನ್ನು ಹರಡಿ ಎತ್ತುವ ಎಚ್ಚರಿಕೆಯ ಫಲಕ, ಕೊಡೆಯಲ್ಲ. ಕಪ್ಪೆ ಮೊಟ್ಟೆಯಿಡುವುದು ನೀರಿನಲ್ಲಿ ಅಥವಾ ತೇವದಲ್ಲಿ, ಕಾದ ಕಲ್ಲಿನ ಮೇಲಲ್ಲ. ಇದನ್ನೆಲ್ಲ ಆ ಶಿಲ್ಪವನ್ನು ಕೆತ್ತಿದವನಿಗೆ ಹೇಳಿದ್ದರೆ ಅವನೇನೂ ಉಳಿಯನ್ನು ಕೆಳಗಿಡುತ್ತಿರಲಿಲ್ಲ. ಹಾವು ಕಪ್ಪೆಯನ್ನು ತಿನ್ನುವುದೆಂದು ಎಲ್ಲರೂ ಬಲ್ಲುದರಿಂದಲೇ ಆ ಕಥೆಗೆ ಬೆಲೆ. ಅವನು ಕೆತ್ತಿದುದು ಹಾವಿನ ಸ್ವಭಾವವನ್ನಲ್ಲ, ಮನುಷ್ಯನ ಹಂಬಲವನ್ನು. ವಿದುರಾಶ್ವತ್ಥದ ಕಲ್ಲನ್ನು ಕೆತ್ತಿದವನ ಪಾಡು ಬೇರೆ. ಅವನು ಹೊಲದಲ್ಲಿ ಕಂಡುದನ್ನು ಕಂಡಂತೆಯೇ ಕೆತ್ತಿದ್ದಾನೆ: ಸುರುಳಿಗಳ ಎಣಿಕೆ, ಎತ್ತಿದ ಕತ್ತುಗಳ ಬಾಗು, ಎದುರುಬದುರಾದ ಮುಖಗಳು, ಎಲ್ಲವೂ ಗಂಡು ಕೇರೆಗಳ ಕಾಳಗಕ್ಕೆ ಒಪ್ಪುವಂತಿವೆ. ಹೆಡೆಗಳನ್ನು ಮಾತ್ರ ಅವನು ಸೇರಿಸಿದನು.

ಬದುವಿನ ಬಳಿ ಕಾಳಗ ಮುಗಿಯಿತೆಂದುಕೊಳ್ಳೋಣ. ಸೋತ ಕೇರೆ ನೆಲಗಡಲೆಯ ಸಾಲುಗಳ ನಡುವೆ ಹರಿದು ಮರೆಯಾಗಿದೆ. ಗೆದ್ದದ್ದು ಸ್ವಲ್ಪ ಹೊತ್ತು ತಲೆಯೆತ್ತಿ ಸುತ್ತ ನೋಡಿ ಬೇಲಿಯತ್ತ ಹೊರಟಿದೆ. ಕಲ್ಲು ಹಿಡಿದವನು ಎರಡರಲ್ಲಿ ಯಾವುದು ನಾಗರವೆಂದು ಪಕ್ಕದವನನ್ನು ಕೇಳುತ್ತಾನೆ. ಅಷ್ಟರಲ್ಲಿ ಹಿಂದೂಪುರದ ಬಸ್ಸು ಬಂದು ನಿಲ್ಲುತ್ತದೆ. ಎಲ್ಲರೂ ಅದರತ್ತ ಓಡುತ್ತಾರೆ, ಒಬ್ಬರು ಓಡಿದುದನ್ನು ಕಂಡು ಮತ್ತೊಬ್ಬರು.